ಮಾಂಡೋವಿಯ ದೀಪಗಳೂ ಮಲಪ್ರಭೆಯ ಹಣವೂ

ಕೆಲವು ವಾರಗಳ ಹಿಂದೆ ಬೈಲಹೊಂಗಲದಿಂದ ನನ್ನ ಸೋದರಳಿಯ ದೂರವಾಣಿ ಮಾಡಿದ್ದ. ಅವನದು ಅಲ್ಲಿ ಸಣ್ಣದೊಂದು ದಲಾಲಿ ಅಂಗಡಿ. ಹತ್ತಿಯ ಸುಗ್ಗಿ ಮುಗಿದು ಕೈಯಲ್ಲಿ ಒಂದಿಷ್ಟು ಹಣವೂ ಎರಡು ದಿನಗಳ ಬಿಡುವೂ ಇದ್ದವಂತೆ. ‘ಮಾಮಾ, ಪಣಜಿಗೆ ಒಬ್ಬನ ಹೊಂಟೇನ್ರಿ. ಕ್ಯಾಸಿನೊ ನೋಡಬೇಕಂತ ಐತಿ. ನೀವು ಒಮ್ಮೆ ಹೋಗಿ ಬಂದೀರಲ್ಲ, ಏನೇನು ಲಕ್ಷ್ಯ ಇಡಬೇಕು ಹೇಳ್ರಿ’ ಎಂದ. ನನಗೆ ಆಶ್ಚರ್ಯವಾದದ್ದು ಅವನು ಹೊರಟದ್ದಕ್ಕಲ್ಲ, ಮುಚ್ಚುಮರೆಯಿಲ್ಲದೆ ಕೇಳಿದ್ದಕ್ಕೆ. ನಮ್ಮ ಕಡೆಯಿಂದ ಈ ಪ್ರವಾಸ ಹೊರಡುವವರು ಸಾಮಾನ್ಯವಾಗಿ ಮನೆಯಲ್ಲಿ ಧಾರವಾಡದ ಹೆಸರನ್ನೋ ಬೆಳಗಾವಿಯ ಹೆಸರನ್ನೋ ಹೇಳಿ ಹೊರಡುತ್ತಾರೆ.

‘ಹೋಗಬೇಡ’ ಎಂದು ಹೇಳಿ ಮುಗಿಸಬಹುದಿತ್ತು. ಮೂರು ದಶಕ ಸರ್ಕಾರಿ ಸೇವೆಯಲ್ಲಿದ್ದವನಿಗೆ ಆ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಬೈಲಹೊಂಗಲ ಉಪವಿಭಾಗದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಿಷೇಧದ ಫಲವೇನೆಂಬುದನ್ನು ನಾನು ಸಾಕಷ್ಟು ನೋಡಿದ್ದೇನೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ದಾಳಿಗಳಾಗುತ್ತಿದ್ದವು. ಕಂಬಳಿಯ ಮೇಲೆ ಹರಡಿದ್ದ ಇಸ್ಪೀಟು ಎಲೆ, ನಾಲ್ಕಾರು ಸಾವಿರ ರೂಪಾಯಿ, ಪಂಚನಾಮೆ, ದಂಡ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಅದೇ ಮಂದಿ ಮತ್ತೊಂದು ತೋಟದ ಮನೆಯಲ್ಲಿ ಕೂಡುತ್ತಿದ್ದರು. ಓಸಿ ಎಂದು ನಾವು ಕರೆಯುವ ಮಟ್ಕಾ ಕೂಡ ಹಾಗೆಯೇ. ಅಂದಹಾಗೆ, ಮಟ್ಕಾ ಹುಟ್ಟಿದ್ದೇ ಹತ್ತಿಯ ದರದಿಂದ. ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರಗಳು ತಂತಿಯ ಮೂಲಕ ಮುಂಬಯಿಗೆ ಬರುತ್ತಿದ್ದ ಕಾಲದಲ್ಲಿ ಆ ಅಂಕಿಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. ‘ಓಪನ್’, ‘ಕ್ಲೋಸ್’ ಎಂಬ ಮಾತುಗಳು ಉಳಿದುಕೊಂಡದ್ದು ಅಲ್ಲಿಂದ. ನಮ್ಮ ಹತ್ತಿಯ ಊರುಗಳಿಗೆ ಈ ಚಟ ಎಷ್ಟು ಸಹಜವಾಗಿ ಬಂದು ಒಗ್ಗಿಕೊಂಡಿತೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಎರಡನ್ನೂ ನಾನು ಸ್ವಾಗತಿಸಿದವನೇ. ಆದರೆ ಬೆಳಗಾವಿಯಿಂದ ಬಸ್ಸಿನಲ್ಲಿ ನಾಲ್ಕೈದು ತಾಸು ಪಯಣಿಸಿದರೆ ಕಾನೂನೇ ಬೇರೆಯಾಗುತ್ತದೆ. ಗೋವಾ ತನ್ನ 1976ರ ಜೂಜು ನಿಷೇಧ ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದಾಟಕ್ಕೆ ಅವಕಾಶ ನೀಡಿತು. ಅನಂತರ ನೀರಿನ ಮೇಲಿನ ನೌಕೆಗಳಲ್ಲಿ ಮೇಜಿನ ಆಟಗಳಿಗೂ ಬಾಗಿಲು ತೆರೆಯಿತು. ಪಣಜಿಯ ದಂಡೆಯಲ್ಲಿ ನಿಂತರೆ ಮಾಂಡೋವಿ ನದಿಯಲ್ಲಿ ಆ ನೌಕೆಗಳು ರಾತ್ರಿಯಿಡೀ ಜಗಮಗಿಸುವುದು ಕಾಣುತ್ತದೆ.

ಮಾಂಡೋವಿ ಎಂದರೆ ನಮ್ಮ ಮಹದಾಯಿಯೇ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಈ ನದಿಯ ಒಂದಿಷ್ಟು ನೀರನ್ನು ಮಲಪ್ರಭೆಗೆ ತಿರುಗಿಸಿರೆಂದು ಸವದತ್ತಿ, ರಾಮದುರ್ಗ, ನರಗುಂದ, ನವಲಗುಂದದ ರೈತರು ದಶಕಗಳಿಂದ ಬೀದಿಗಿಳಿದಿದ್ದಾರೆ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿಕೆ ಮಾಡಿತು. ಅದರಲ್ಲಿ ಕಳಸಾ ಮತ್ತು ಬಂಡೂರಿಗಳಿಂದ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ. ಆ ನೀರಿಗೆ ಅರಣ್ಯದ, ವನ್ಯಜೀವಿ ಮಂಡಳಿಯ, ನೆರೆರಾಜ್ಯದ ಆಕ್ಷೇಪಣೆಗಳು ಒಂದರ ಮೇಲೊಂದು ಬಂದವು. ಮಲಪ್ರಭೆಯ ಕಬ್ಬಿನ ಬಿಲ್ಲು ಮಾತ್ರ ಯಾವ ಆಕ್ಷೇಪಣೆಯೂ ಇಲ್ಲದೆ ಮಾಂಡೋವಿಗೆ ಹರಿಯುತ್ತದೆ. ಚೋರ್ಲಾ ಘಟ್ಟದ ದಾರಿಯಲ್ಲಿ ಹೋಗುವ ಬಸ್ಸು ಕಣಕುಂಬಿಯನ್ನು ದಾಟುತ್ತದೆ. ಮಲಪ್ರಭೆ ಹುಟ್ಟುವುದು ಅಲ್ಲಿಯೇ.

ನಾನು ಹೋದದ್ದು ನಿವೃತ್ತಿಯ ನಂತರ, ಒಬ್ಬನೇ. ಅರ್ಥಶಾಸ್ತ್ರ ಓದಿದವನ ಕುತೂಹಲವೆಂದು ಮನೆಯವರಿಗೆ ಹೇಳಿದ್ದೆ; ಕುತೂಹಲದಲ್ಲಿ ಆಸೆಯ ಪಾಲೂ ಇತ್ತೆಂದು ಈಗ ಒಪ್ಪಿಕೊಳ್ಳಬಹುದು. ಕಿಸೆಯಲ್ಲಿ ಐದು ಸಾವಿರ ಇಟ್ಟುಕೊಂಡು ದಂಡೆಯ ಕಚೇರಿಯಲ್ಲಿ ಚೀಟಿ ಪಡೆದು, ಸಣ್ಣ ದೋಣಿಯಲ್ಲಿ ಒಂದು ನೌಕೆಗೆ ಹೋದೆ. ಪ್ರವೇಶ ಶುಲ್ಕದಲ್ಲಿ ಊಟ, ಪಾನೀಯ, ಹಾಡು-ಕುಣಿತ ಎಲ್ಲವೂ ಸೇರಿದ್ದವು. ಜೊತೆಗೆ ಕೆಲವು ಆಟದ ಬಿಲ್ಲೆಗಳು. ಅವುಗಳನ್ನು ಹಣವಾಗಿ ಮರಳಿಸಿಕೊಳ್ಳಲಾಗದು, ಆಡಿಯೇ ಮುಗಿಸಬೇಕು. ಇದು ಉದಾರತೆಯೆಂದು ಭಾವಿಸುವವರು ನಮ್ಮ ಜಾತ್ರೆಗಳಲ್ಲಿ ಮೊದಲ ಸುತ್ತು ಗೆಲ್ಲಿಸಿ ಕೂಡಿಸುವ ಗುಡುಗುಡಿಯವನನ್ನು ನೆನಪಿಸಿಕೊಳ್ಳಬೇಕು.

ಒಳಗೆ ಹೊತ್ತು ತಿಳಿಯುವುದಿಲ್ಲ. ಅಂದರ್ ಬಾಹರ್ ಮೇಜಿನ ಬಳಿ ಕನ್ನಡವೇ ಹೆಚ್ಚು ಕೇಳಿಬರುತ್ತಿತ್ತು. ಅಲ್ಲಿ ಲೋಟ ಎತ್ತುವ ಕೆಲಸದ ಹುಡುಗನೊಬ್ಬ ನನ್ನ ಮಾತಿನ ಧಾಟಿ ಗುರುತಿಸಿ, ‘ಯಾವೂರ್ರಿ ಸಾಹೇಬ್ರ?’ ಎಂದ. ಅವನು ರಾಮದುರ್ಗದ ಕಡೆಯವನು. ‘ನಮ್ಮ ಕಡೆ ಮಂದಿ ಭಾಳ ಬರ್ತಾರ್ರಿ. ಬರೂ ಮುಂದ ಗುಂಪಾಗಿ ಬರ್ತಾರ, ಹೋಗೂ ಮುಂದ ಒಬ್ಬೊಬ್ಬರ ಹೋಗ್ತಾರ’ ಎಂದು ಹೇಳಿ ತಟ್ಟೆ ಎತ್ತಿಕೊಂಡು ಹೋದ. ಐದು ಸಾವಿರ ಮುಗಿದ ಮೇಲೆ ನಾನು ಎಟಿಎಂ ಕಾರ್ಡು ತೆಗೆದೆ. ಇನ್ನೊಂದೂವರೆ ಸಾವಿರ ಹೋಯಿತು. ಲೆಕ್ಕ ಬಲ್ಲವನೆಂಬ ನನ್ನ ಹಮ್ಮಿಗೆ ಅಷ್ಟು ಸಾಕಿತ್ತು.

ಆ ಲೆಕ್ಕವನ್ನೇ ಅಳಿಯನಿಗೆ ಮೊದಲು ವಿವರಿಸಿದೆ. ರೂಲೆಟ್ ಚಕ್ರದಲ್ಲಿ ಕೆಂಪು 18, ಕಪ್ಪು 18, ಮೇಲೊಂದು ಸೊನ್ನೆ, ಒಟ್ಟು 37 ಮನೆಗಳು. ಕೆಂಪಿನ ಮೇಲೆ ಹೂಡಿದವನಿಗೆ ಗೆದ್ದಾಗ ಸಿಗುವುದು ಸಮ ಹಣ. ಆದರೆ ಗೆಲುವಿನ ಮನೆ 18, ಸೋಲಿನ ಮನೆ 19. ಅಂದರೆ ಹೂಡಿದ ಪ್ರತಿ ನೂರು ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ ಮಾಲೀಕನದು. ಎರಡು ಸೊನ್ನೆಗಳ ಚಕ್ರವಾದರೆ 5 ರೂಪಾಯಿ 26 ಪೈಸೆ. ಇಷ್ಟೇ ತಾನೆ ಎನ್ನಿಸುತ್ತದೆ. ಮೋಸವಿರುವುದು ಇಲ್ಲಿ: ಈ ಶೇಕಡಾವಾರು ಅನ್ವಯಿಸುವುದು ನಿಮ್ಮ ಕಿಸೆಯ ಹಣಕ್ಕಲ್ಲ, ವಹಿವಾಟಿಗೆ. ಸುತ್ತಿಗೆ 500 ರೂಪಾಯಿಯಂತೆ ತಾಸಿಗೆ 40 ಸುತ್ತು, ಐದು ತಾಸು ಆಡಿದರೆ ಹತ್ತು ಸಾವಿರ ತಂದವನೂ ಒಂದು ಲಕ್ಷದ ವಹಿವಾಟು ಮಾಡಿರುತ್ತಾನೆ. ಸರಾಸರಿ ನಷ್ಟ 2,700. ಎರಡು ಸೊನ್ನೆಯಾದರೆ 5,260ಕ್ಕೂ ಹೆಚ್ಚು. ದಲಾಲಿ ಅಂಗಡಿಯವನಿಗೆ ಇದು ಬೇಗ ಅರ್ಥವಾಯಿತು. ‘ಮಾಲು ಯಾರದಾದರೇನು, ದಲಾಲಿ ಅವರದು ಅನ್ರಿ’ ಎಂದ.

ತೆರಿಗೆಯ ಮಾತನ್ನು ಬಹುತೇಕರು ಕೇಳಿಯೇ ಇರುವುದಿಲ್ಲ. ಬಿಲ್ಲೆ ಕೊಳ್ಳಲು ಕೊಡುವ ಹಣದ ಮೇಲೆ 2023ರ ಅಕ್ಟೋಬರ್‌ನಿಂದ ಶೇ 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಅದನ್ನು ಕ್ಯಾಸಿನೊದವರೇ ಭರಿಸುವರೋ ನಿಮ್ಮಿಂದ ಪಡೆಯುವರೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ ತಿಳಿಯಬೇಕು. ಗೆದ್ದ ಹಣಕ್ಕೆ ಶೇ 30ರ ಆದಾಯ ತೆರಿಗೆ, ಅದರ ಮೇಲೆ ಸೆಸ್. ಸೋತದ್ದನ್ನು ಗೆದ್ದದ್ದರಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಶನಿವಾರ 50 ಸಾವಿರ ಗೆದ್ದು ಭಾನುವಾರ ಅಷ್ಟನ್ನೂ ಸೋತವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕಾನೂನಿನ ಅಕ್ಷರದಂತೆ ತೆರಿಗೆ ಮಾತ್ರ 15 ಸಾವಿರ ಬಾಕಿ ಇರುತ್ತದೆ.

ಇನ್ನು ಒಬ್ಬನೇ ಹೋಗುವವನ ವಿಷಯ. ಜೊತೆಗಾರನಿದ್ದರೆ ಹತ್ತು ಗಂಟೆಗೆ ‘ಸಾಕು ಏಳೋ’ ಎಂದು ತೋಳು ಹಿಡಿದು ಎಬ್ಬಿಸುತ್ತಾನೆ. ಒಂಟಿ ಪ್ರವಾಸಿ ಆ ಕೆಲಸಕ್ಕೆ ಮುಂಚಿತವಾಗಿಯೇ ಏರ್ಪಾಡು ಮಾಡಿಕೊಳ್ಳಬೇಕು. ಹಿಂದಿರುಗುವ ಬಸ್ಸಿನ ಚೀಟಿಯನ್ನು ಹೊರಡುವಾಗಲೇ ಕಾಯ್ದಿರಿಸಲಿ, ಅದೂ ಹಗಲಿನ ಬಸ್ಸು. ಮಳೆಗಾಲದಲ್ಲಿ ಚೋರ್ಲಾ ಘಟ್ಟ ರಾತ್ರಿ ಪಯಣಕ್ಕೆ ತಕ್ಕುದಲ್ಲ. ವಸತಿಯ ಬಾಡಿಗೆಯನ್ನು ಮೊದಲೇ ಪಾವತಿಸಲಿ. ಸೋಲಲು ಸಿದ್ಧನಿರುವ ಮೊತ್ತವನ್ನು ನಗದಾಗಿ ಒಯ್ದು ಕಾರ್ಡುಗಳನ್ನು ಕೋಣೆಯಲ್ಲಿ ಬೀಗ ಹಾಕಿಡಲಿ. ಫೋನಿನಿಂದ ಹಣ ಕಳಿಸುವ ದಿನದ ಮಿತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಎರಡು ಸಾವಿರಕ್ಕೆ ಇಳಿಸಬಹುದು. ಎರಡು ನಿಮಿಷದ ಕೆಲಸ. ವಯಸ್ಸಿನ ಗುರುತಿನ ಪತ್ರ ಬೇಕು, 21 ತುಂಬದವರಿಗೆ ಪ್ರವೇಶವಿಲ್ಲ. ಪುಕ್ಕಟೆ ಎಂಬ ಕಾರಣಕ್ಕೆ ಕುಡಿಯಬಾರದು. ಪ್ರವೇಶ ಶುಲ್ಕ ವಸೂಲಾಗಲಿ ಎಂದು ಆಡುತ್ತಾ ಕೂಡಬಾರದು. ಕೊಟ್ಟದ್ದು ಮುಳುಗಿದ ವೆಚ್ಚ, ಅದರ ಹಿಂದೆ ಹೊಸ ಹಣ ಹೋಗಬಾರದು. ಮೇಜಿನ ಬಳಿ ಪರಿಚಯವಾದವನಿಂದ ಕೈಗಡ ಪಡೆಯುವುದಂತೂ ಸರ್ವಥಾ ಕೂಡದು. ಸವದತ್ತಿ ತಾಲ್ಲೂಕಿನ ಒಂದು ಕುಟುಂಬದ ಎರಡು ಎಕರೆ ನೀರಾವರಿ ಜಮೀನು ಅಂಥದೊಂದು ಕೈಗಡದ ಬೆನ್ನಿಗೆ ಹೋದದ್ದನ್ನು ನಾನು ಬಲ್ಲೆ. ಪಹಣಿಯಲ್ಲಿ ಹೆಸರು ಬದಲಾದ ದಿನದವರೆಗೂ ಆ ಮನೆಯ ಹೆಣ್ಣುಮಗಳಿಗೆ ಗಂಡ ಗೋವಾ ಕಂಡಿರುವುದೇ ಗೊತ್ತಿರಲಿಲ್ಲ.

ಆದ್ದರಿಂದ ಎಲ್ಲಕ್ಕಿಂತ ಮುಖ್ಯವಾದ ಸಲಹೆ ಇದು: ಎಲ್ಲಿಗೆ ಹೋಗುತ್ತೇನೆ, ಎಷ್ಟು ಒಯ್ಯುತ್ತೇನೆ ಎಂಬುದನ್ನು ಮನೆಯಲ್ಲಿ ಹೇಳಿ ಹೊರಡಬೇಕು. ಹೇಳಲು ಬಾಯಿ ಬಾರದಷ್ಟು ದೊಡ್ಡ ಮೊತ್ತವಾದರೆ ಅದು ಒಯ್ಯಬಾರದ ಮೊತ್ತ.

ಪಣಜಿಯಲ್ಲಿ ಒಬ್ಬನೇ ಇರುವವನಿಗೆ ನೋಡಲು ಬೇರೇನೂ ಇಲ್ಲವೆಂದಲ್ಲ. ಫೋಂಟೆನ್ಹಾಸ್‌ನ ಹಳೆಯ ಓಣಿಗಳಲ್ಲಿ ಬೆಳಗಿನ ಹೊತ್ತು ಸುತ್ತಾಡಬಹುದು, ಬೇತಿಮ್‌ಗೆ ಹೋಗುವ ದೋಣಿಯಲ್ಲಿ ನದಿ ದಾಟಬಹುದು, ಹಳೆಯ ಗೋವಾದ ಇಗರ್ಜಿಗಳಿಗೆ ಅರ್ಧ ದಿನ ಕೊಡಬಹುದು. ನನ್ನ ಆ ಪ್ರವಾಸದಲ್ಲಿ ಇವತ್ತಿಗೂ ಸಂತೋಷದಿಂದ ನೆನೆಯುವುದು ದೋಣಿಯ ಆ ಹತ್ತು ನಿಮಿಷಗಳನ್ನು.

ವ್ಯಕ್ತಿಗೆ ಹೇಳುವುದು ಇಷ್ಟಾದರೆ ಸರ್ಕಾರಗಳಿಗೆ ಹೇಳಬೇಕಾದದ್ದೂ ಇದೆ. 2020ರ ಫೆಬ್ರುವರಿ 1ರಿಂದ ಗೋವಾ ಸರ್ಕಾರ ಸ್ಥಳೀಯ ಗೋವನ್ನರಿಗೆ ಕ್ಯಾಸಿನೊ ಪ್ರವೇಶವನ್ನು ನಿರ್ಬಂಧಿಸಿದೆ. ಈ ಆಟ ತನ್ನ ಜನರಿಗೆ ಹಿತವಲ್ಲವೆಂದು ಆ ಸರ್ಕಾರವೇ ಒಪ್ಪಿಕೊಂಡಂತಾಯಿತು. ನೆರೆಮನೆಯವರಿಗೆ ಮಾತ್ರ ಅದು ಹಿತವೆಂಬ ತರ್ಕ ಹೇಗೆ ನಿಲ್ಲುತ್ತದೆ? ಇದು ಹೊಸದೇನಲ್ಲ; ಮೊನಾಕೊ ತನ್ನ ಪ್ರಜೆಗಳನ್ನು ಜೂಜಿನ ಮನೆಯಿಂದ ಹೊರಗಿಟ್ಟು ಪರದೇಶಿಗರ ಹಣದಿಂದ ಶ್ರೀಮಂತವಾಯಿತು. ಆದರೆ ಮೊನಾಕೊ ಒಂದು ದೇಶ, ಗೋವಾ ಒಂದು ಒಕ್ಕೂಟದ ಭಾಗ.

ಸಿಂಗಪುರದ ಕ್ರಮ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. 2010ರಲ್ಲಿ ಎರಡು ಕ್ಯಾಸಿನೊಗಳನ್ನು ತೆರೆದಾಗ ಅದು ತನ್ನ ನಾಗರಿಕರ ಮೇಲೆ ದಿನಕ್ಕೆ 100 ಡಾಲರ್ ಪ್ರವೇಶ ಕರ ಹಾಕಿತು, 2019ರಲ್ಲಿ ಅದನ್ನು 150ಕ್ಕೆ ಏರಿಸಿತು. ಅದಕ್ಕಿಂತ ಮಹತ್ವದ್ದು ಹೊರಗಿಡುವ ಪಟ್ಟಿ. ಚಟಕ್ಕೆ ಬಿದ್ದವನು ತಾನೇ ತನ್ನ ಹೆಸರು ಬರೆಸಬಹುದು. ಅವನ ಕುಟುಂಬದವರೂ ಅರ್ಜಿ ಹಾಕಬಹುದು. ಹೆಸರು ಪಟ್ಟಿಯಲ್ಲಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ. ಪಣಜಿಯ ದಂಡೆಯಲ್ಲಿ ಪ್ರತಿಯೊಬ್ಬರ ಗುರುತಿನ ಪತ್ರ ನೋಡಿಯೇ ಒಳಗೆ ಬಿಡುವುದರಿಂದ ಇಂಥ ಪಟ್ಟಿ ಜಾರಿಗೊಳಿಸಲು ಹೊಸ ಯಂತ್ರವೇನೂ ಬೇಕಾಗದು. ರಾಮದುರ್ಗದ ಒಬ್ಬ ತಾಯಿ ತನ್ನ ತಹಶೀಲ್ದಾರ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಅದು ಪಣಜಿಯ ಬಾಗಿಲನ್ನು ತಲುಪುವ ವ್ಯವಸ್ಥೆಗೆ ಎರಡು ರಾಜ್ಯಗಳ ನಡುವೆ ಒಂದು ಒಡಂಬಡಿಕೆ ಸಾಕು. ನೀರಿನ ವಿಷಯದಲ್ಲಿ ಒಮ್ಮತವಾಗದ ಸರ್ಕಾರಗಳು ಇದರಲ್ಲಾದರೂ ಮಾತಾಡಬಹುದು. ದೆಹಲಿಯಿಂದ ಅನುಮತಿ ಬೇಕಾದ ಕಾಡು ಇಲ್ಲಿ ಯಾವುದೂ ಅಡ್ಡ ಬರುವುದಿಲ್ಲ.

ಜೂಜಿನ ಚಟ ಕಾಯಿಲೆಯೆಂದು ವೈದ್ಯಶಾಸ್ತ್ರ ಇಂದು ಒಪ್ಪಿದೆ. ಕಿತ್ತೂರಿಗೂ ಸವದತ್ತಿಗೂ ಹತ್ತಿರದ ಧಾರವಾಡದಲ್ಲಿಯೇ ಡಿಮ್ಹಾನ್ಸ್ ಇದೆ; ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಹೆಸರು ಹೇಳದೆಯೂ ಸಲಹೆ ಪಡೆಯಬಹುದು. ಕುಡಿತಕ್ಕೆ ಚಿಕಿತ್ಸೆ ಕೊಡಿಸಲು ಹಿಂಜರಿಯದ ಮನೆಗಳು ಈ ವಿಷಯದಲ್ಲಿ ದೇವರ ಹರಕೆ, ಸಾಲಗಾರರ ಕಾಲು ಎರಡನ್ನೇ ನೆಚ್ಚಿಕೊಂಡಿವೆ.

ಅಳಿಯ ಎಲ್ಲವನ್ನೂ ಕೇಳಿಸಿಕೊಂಡ. ಎಂಟು ಸಾವಿರ ಒಯ್ಯುವುದೆಂದೂ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಮರಳುವುದೆಂದೂ ತೀರ್ಮಾನವಾಯಿತು. ಹೆಂಡತಿಗೆ ಹೇಳಿದೆಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಇಲ್ರಿ ಮಾಮಾ, ರಾತ್ರಿ ಊಟಾದ ಮ್ಯಾಲ ಹೇಳತೇನಿ’ ಎಂದ. ಮರುದಿನ ಬೆಳಿಗ್ಗೆ ಫೋನು ಮಾಡಿದವಳು ಅವಳೇ. ಎರಡು ಚೀಟಿ ತೆಗೆಸಿದ್ದೇವೆ, ಫೋಂಟೆನ್ಹಾಸ್ ಎಲ್ಲಿ ಬರುತ್ತದೆಂದು ಕೇಳಿದಳು.