ಬದಲಾದ ಬೋರ್ಡು, ಬದಲಾಗದ ವಿಳಾಸ

ಹಣ ಸಂದಾಯದ ವ್ಯವಸ್ಥೆಯನ್ನು ನಡೆಸುವ ಸಂಸ್ಥೆಗಳು ಹೆಸರನ್ನು ಬದಲಿಸಿಕೊಳ್ಳುವುದು ಈಗ ಅಪರೂಪದ ಸಂಗತಿಯಲ್ಲ. ದೊಡ್ಡ ಸಂಸ್ಥೆಗೆ ಅದು ಒಂದು ದಿನದ ಸಮಾರಂಭ. ಆದರೆ ಮೊಬೈಲಿನ ಮೂಲಕ ಊಟ ತಿಂಡಿಯ ಆರ್ಡರು ಪಡೆಯುವ ಹೋಟೆಲಿಗೂ, ಹಪ್ಪಳ ಉಪ್ಪಿನಕಾಯಿಗಳನ್ನು ಆನ್‌ಲೈನಿನಲ್ಲಿ ಮಾರುವ ಚಿಕ್ಕ ಅಂಗಡಿಗೂ ಅದು ಹಲವು ದಿನಗಳ ಕೆಲಸ. ಗಿರಾಕಿಯು ಹಣ ಕೊಡುವ ಕೊನೆಯ ಪುಟದಲ್ಲಿ ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು ಎಂಬ ವಿವೇಚನೆ ತಪ್ಪಿದರೆ ಸಂದಾಯವೇ ಆರಂಭವಾಗದು. ಇಲ್ಲವೆ ಹಣ ಹೊರಟರೂ ಅದರ ಸೂಚನೆ ಅಂಗಡಿಗೆ ಮುಟ್ಟದು. ಆಗ ಗಿರಾಕಿಯ ಕೋಪಕ್ಕೆ ಗುರಿಯಾಗುವವನು ಸಂಸ್ಥೆಯ ಅಧ್ಯಕ್ಷನಲ್ಲ, ಗಲ್ಲದ ಮೇಲೆ ಕುಳಿತ ಗುಮಾಸ್ತ.

ನಮ್ಮ ದೇಶದಲ್ಲಿಯೇ ನಡೆದ ಒಂದು ನಿದರ್ಶನವನ್ನು ಪರಿಶೀಲಿಸೋಣ. 2017ರ ಸೆಪ್ಟೆಂಬರ್ 18ರಂದು ಅಂದಿನ ಅರ್ಥಮಂತ್ರಿ ಅರುಣ್ ಜೇಟ್ಲಿಯವರು ದಿಲ್ಲಿಯಲ್ಲಿ ಗೂಗಲ್ ಸಂಸ್ಥೆಯ 'ತೇಜ್' ಸೇವೆಯನ್ನು ಉದ್ಘಾಟಿಸಿದರು. ವರ್ಷ ತುಂಬುವ ಮೊದಲೇ, 2018ರ ಆಗಸ್ಟ್ 28ರಂದು, ಅದು 'ಗೂಗಲ್ ಪೇ' ಎಂದಾಯಿತು. ಆನ್‌ಲೈನ್ ಅಂಗಡಿಗಳು ತಮ್ಮ ಪುಟದ ಗುಂಡಿಯ ಮೇಲಿನ ಹೆಸರನ್ನೂ ಚಿಹ್ನೆಯನ್ನೂ ಬದಲಿಸಬೇಕಾಯಿತು. ಆದರೆ ಅಂಗಡಿಯ ಪುಟವು ಆ ಸೇವೆಯನ್ನು ಕರೆಯುವ ಒಳಗಿನ ಗುರುತು ಮಾತ್ರ, ಹೆಸರು ಬದಲಾದ ಮೇಲೂ, 'ತೇಜ್.ಗೂಗಲ್.ಕಾಮ್' ಎಂದೇ ಉಳಿಯಿತು. ಉತ್ಸಾಹದ ಭರದಲ್ಲಿ 'ತೇಜ್' ಎಂದಿದ್ದಲ್ಲೆಲ್ಲ ಹೊಸ ಹೆಸರನ್ನು ತುಂಬುವವನು ತನ್ನ ಅಂಗಡಿಯ ಬಾಗಿಲನ್ನು ತಾನೇ ಮುಚ್ಚಿಕೊಂಡಂತೆ.

ಇದರಲ್ಲಿ ವಿಚಿತ್ರವೇನೂ ಇಲ್ಲ. ಇಂಗ್ಲಿಷಿನವರ 'ಬಾಂಬೆ' 1995ರಲ್ಲಿ ಮುಂಬೈಯಾಯಿತು. ಆದರೂ ವಿಮಾನದ ಟಿಕೆಟಿನ ಮೇಲೆ ಇಂದಿಗೂ 'ಬಿ.ಒ.ಎಂ.' ಎಂಬ ಅಕ್ಷರಗಳೇ ಇವೆ. ಬೋರ್ಡು ಜನರಿಗಾಗಿ, ವಿಳಾಸ ಯಂತ್ರಕ್ಕಾಗಿ. ಇವೆರಡೂ ಒಟ್ಟಿಗೆ ಬದಲಾಗಬೇಕೆಂಬ ನಿಯಮವಿಲ್ಲ.

ಬೋರ್ಡು ಉಳಿದು ಅದರ ಹಿಂದಿನ ಖಾತೆ ಬದಲಾದ ಉದಾಹರಣೆಯೂ ಉಂಟು. 2024ರ ಜನವರಿ 31ರಂದು ರಿಸರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ವಿಧಿಸಿತು. ಅಂತಿಮ ಗಡುವು ಮಾರ್ಚ್ 15 ಎಂದು ನಿಶ್ಚಯವಾಯಿತು. ಅಂಗಡಿಗಳಲ್ಲಿ ಪೇಟಿಎಂ ಹೆಸರು ಹಾಗೆಯೇ ಇದ್ದಿತು. ಬೇರೆ ಬ್ಯಾಂಕಿನ ಖಾತೆಯನ್ನು ಜೋಡಿಸಿದ್ದ ವರ್ತಕರಿಗೆ ಬಾಧಕವಿರಲಿಲ್ಲ. ಆ ಪೇಮೆಂಟ್ಸ್ ಬ್ಯಾಂಕಿನಲ್ಲಿಯೇ ಹಣ ಪಡೆಯುತ್ತಿದ್ದವರು ಹೊಸ ಖಾತೆಯನ್ನು ಜೋಡಿಸದೆ ಗತ್ಯಂತರವಿರಲಿಲ್ಲ.

ಎರಡೂ ಬದಲಾದುದನ್ನು ಕರಾವಳಿಯ ಜನ ಚೆನ್ನಾಗಿ ಬಲ್ಲರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಿಂತುಹೋದವು. ಮಾರಾಟದ ಹಣ ಆ ಖಾತೆಗೆ ಬರಬೇಕಾಗಿದ್ದ ಅಂಗಡಿಗಳು ಬೋರ್ಡಿನೊಡನೆ ವಿಳಾಸವನ್ನೂ ತಿದ್ದಬೇಕಾಯಿತು.

ಆದುದರಿಂದ ಹೆಸರು ಬದಲಾದ ಸುದ್ದಿ ಬಂದೊಡನೆ ಕೇಳಬೇಕಾದ ಮೊದಲ ಪ್ರಶ್ನೆ: ಬದಲಾದುದು ಬೋರ್ಡೋ, ವಿಳಾಸವೋ, ಎರಡೂ ಉಂಟೋ? ಬೋರ್ಡಾದರೆ ಸಂದಾಯದ ಪುಟ, ರಸೀತಿ, ಹಣ ವಾಪಸಿನ ಸೂಚನೆ ಇವೆಲ್ಲದರಲ್ಲಿಯೂ ಒಂದೇ ದಿನ ತಿದ್ದುಪಡಿಯಾಗಬೇಕು. ಕೆಲಕಾಲ ಹೊಸ ಹೆಸರಿನ ಪಕ್ಕದಲ್ಲಿ ಹಳೆಯ ಹೆಸರನ್ನೂ ಕಾಣಿಸಿದರೆ ಗಿರಾಕಿಗೆ ಗಾಬರಿಯಾಗದು. ವಿಳಾಸವನ್ನು ಸಂಸ್ಥೆಯ ಲಿಖಿತ ಸೂಚನೆಯಿಲ್ಲದೆ ಮುಟ್ಟಬಾರದು. ತಿದ್ದಿದ ಬಳಿಕ ಒಂದು ರೂಪಾಯಿ ಕೊಟ್ಟು, ಅದನ್ನೇ ವಾಪಸು ಪಡೆದು ಪರೀಕ್ಷಿಸಬೇಕು. ಹೊಸ ಸಂದಾಯ ಸರಿಹೋಗಿ ಹಳೆಯ ಆರ್ಡರಿನ ಹಣ ಹಿಂತಿರುಗದಿದ್ದರೆ ಕೆಲಸ ಅರ್ಧವೇ ಆದಂತೆ.

ಗಲ್ಲದ ಮೇಲೆ ಕುಳಿತವರು ಇನ್ನೊಂದು ನಿಯಮವನ್ನು ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಯುಪಿಐ ಮೂಲಕ ಗಿರಾಕಿಯ ಹಣ ಕಡಿತವಾಗಿಯೂ ವರ್ತಕನಿಗೆ ಸಂದಾಯದ ಖಚಿತ ಸೂಚನೆ ಬಾರದಿದ್ದರೆ, ವ್ಯವಹಾರ ನಡೆದ ದಿನದ ನಂತರ ಐದು ದಿನಗಳೊಳಗೆ ಹಣವು ತಾನಾಗಿ ಹಿಂತಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಇದನ್ನು ಸಮಾಧಾನವಾಗಿ ತಿಳಿಸಬಲ್ಲ ಗುಮಾಸ್ತನಿಗೆ ಅರ್ಧ ಜಗಳ ಕಡಮೆ.

ಹೆಸರಿನ ಬದಲಾವಣೆಯು ವಂಚಕರಿಗೂ ಸುಗ್ಗಿಯ ಕಾಲ. "ಸಂಸ್ಥೆಯ ಹೆಸರು ಬದಲಾಗಿದೆ, ನಿಮ್ಮ ಖಾತೆಯನ್ನು ಹೊಸದಾಗಿಸಬೇಕು, ಪಿನ್ ಹೇಳಿ" ಎಂಬ ಕರೆ ಬಂದರೆ ಅದು ಮೋಸವೆಂದೇ ತಿಳಿಯತಕ್ಕದ್ದು. ಹಣ ಪಡೆಯುವುದಕ್ಕೆ ಯುಪಿಐ ಪಿನ್ನಿನ ಅಗತ್ಯ ಎಂದಿಗೂ ಇಲ್ಲ.

ಹೆಸರನ್ನು ಬದಲಿಸುವ ಹಕ್ಕು ಸಂಸ್ಥೆಗಳಿಗೆ ಉಂಟು. ಆದರೆ ಸಾಕಷ್ಟು ಮುಂಚಿತವಾಗಿ, ವರ್ತಕನಿಗೆ ತಿಳಿಯುವ ಭಾಷೆಯಲ್ಲಿ, ಯಾವುದು ಬದಲಾಗುವುದು ಮತ್ತು ಯಾವುದು ಉಳಿಯುವುದು ಎಂಬುದನ್ನು ಸ್ಪಷ್ಟವಾಗಿ ತಿಳಿಸುವ ಹೊಣೆಯೂ ಅವುಗಳದೇ. ಆ ಹೊಣೆಯು ನೆರವೇರದಾಗ ಅದರ ಬೆಲೆಯನ್ನು ತೆರುವವರು ಸಂಜೆಯ ಲೆಕ್ಕ ಒಪ್ಪಿಸದೆ ಮನೆಗೆ ಹೋಗಲಾರದ ನೌಕರರು ಎಂಬುದನ್ನು ಮರೆಯಲಾಗದು.