ಸಂಸ್ಕೃತಿ, ನಿಸರ್ಗ ಮತ್ತು ‘ಪಾಶ್ಚಾತ್ಯ ಪ್ರಭಾವ’: ಥಾಯ್ಲೆಂಡಿನ ನೆಲೆಯಲ್ಲಿ ಕೆಲವು ವಿಚಾರಗಳು

ರಾಮಾಯಣಗಳ ತೌಲನಿಕ ಅಧ್ಯಯನದಿಂದ ಆರಂಭಿಸಿ, ‘ರಾಮಕಿಯನ್’ ಕಾವ್ಯದ ಮೂಲಕ ಥಾಯ್ಲೆಂಡಿನತ್ತ ಹೊರಳಿದ ವಿದ್ಯಾರ್ಥಿಯೊಬ್ಬರು ಈಚೆಗೆ ತಮ್ಮ ಸಂಶೋಧನ ಪ್ರಸ್ತಾವವನ್ನು ನನ್ನ ಮುಂದಿಟ್ಟರು. ‘ಥಾಯ್ ಸಂಸ್ಕೃತಿ, ನಿಸರ್ಗ ಮತ್ತು ಪಾಶ್ಚಾತ್ಯ ಪ್ರಭಾವ’ ಎಂಬುದು ಅದರ ಶೀರ್ಷಿಕೆ. ಮೊದಲ ಅಧ್ಯಾಯದಲ್ಲಿ ನಿಸರ್ಗದೊಡನೆ ಸಾಮರಸ್ಯದಿಂದ ಬಾಳಿದ ಬೌದ್ಧ ಸಮಾಜ, ಎರಡನೆಯದರಲ್ಲಿ ಪಶ್ಚಿಮದ ಆಗಮನ, ಮೂರನೆಯದರಲ್ಲಿ ನಾಶ. ದೇಶದ ಹೆಸರೊಂದನ್ನು ಬದಲಿಸಿದರೆ ಇದೇ ಪ್ರಸ್ತಾವ ಬರ್ಮಾಕ್ಕೂ ಶ್ರೀಲಂಕೆಗೂ ನಮ್ಮ ಮಲೆನಾಡಿಗೂ ಹೊಂದುತ್ತದೆ. ನನ್ನ ಆಕ್ಷೇಪವೂ ಅದೇ. ಸಂಶೋಧನೆ ಆರಂಭವಾಗುವ ಮೊದಲೇ ಫಲಿತ ಸಿದ್ಧವಾಗಿರುವ ಈ ಚೌಕಟ್ಟನ್ನು ನಮ್ಮ ವಿಭಾಗಗಳು ಬಹುಕಾಲದಿಂದ ಪ್ರಶ್ನಿಸದೆ ಬಳಸುತ್ತ ಬಂದಿವೆ. ನಾನೂ ಬಳಸಿದ್ದೇನೆ.

ಮೊದಲ ತೊಡಕು ಇತಿಹಾಸದ್ದು. 1939ರವರೆಗೆ ಸಯಾಮ್ ಎನಿಸಿಕೊಂಡಿದ್ದ ಈ ದೇಶ ಯಾವ ಪಾಶ್ಚಾತ್ಯ ರಾಷ್ಟ್ರದ ವಸಾಹತೂ ಆಗಲಿಲ್ಲ. 1855ರ ಬೌರಿಂಗ್ ಒಪ್ಪಂದದಲ್ಲಿ ರಾಜ ಮೋಂಗ್‌ಕುಟ್ ಆಮದು ಸುಂಕವನ್ನು ಶೇ. 3ಕ್ಕೆ ಮಿತಗೊಳಿಸಲು ಒಪ್ಪಿದನು. ಬ್ರಿಟಿಷ್ ಪ್ರಜೆಗಳನ್ನು ತನ್ನ ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಟ್ಟನು. ಸಿಂಹಾಸನ ಉಳಿಯಿತು, ಮಾರುಕಟ್ಟೆ ತೆರೆಯಿತು. ಮುಂದೆ ನಡೆದುದನ್ನು ತಿಳಿಯಲು ತೇಗದ ಮರವೊಂದನ್ನು ಹಿಂಬಾಲಿಸಿದರೂ ಸಾಕು.

ಉತ್ತರ ಸಯಾಮಿನ ತೇಗದ ಕಾಡುಗಳು ಚಿಯಾಂಗ್‌ಮಾಯ್, ಲಂಪಾಂಗ್ ಮೊದಲಾದ ಸಾಮಂತ ಅರಸರ ವಶದಲ್ಲಿದ್ದವು. ಕಡಿಯುವ ಗುತ್ತಿಗೆಗಳನ್ನು ಕೊಟ್ಟವರು ಆ ಅರಸರೇ. ಹಸಿ ತೇಗ ನೀರಿನಲ್ಲಿ ಮುಳುಗುವುದರಿಂದ, ಬುಡದ ಸುತ್ತ ಆಳವಾಗಿ ಕೊರೆದು ಮರವನ್ನು ನಿಂತಲ್ಲಿಯೇ ಸಾಯಿಸಿ, ಒಣಗಿದ ಮೇಲೆ ಉರುಳಿಸಿ, ಆನೆಗಳಿಂದ ಎಳೆಸಿ, ಮಳೆಗಾಲದ ಹೊಳೆಗಳಲ್ಲಿ ತೇಲಿಬಿಡುತ್ತಿದ್ದರು. ಈ ವ್ಯವಹಾರದಲ್ಲಿ ಮುಂದಿದ್ದ ಸಂಸ್ಥೆಗಳಲ್ಲಿ ಒಂದು ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್. ಅದು 1863ರಲ್ಲಿ ಸ್ಥಾಪಿತವಾದದ್ದು ನಮ್ಮ ಮುಂಬಯಿಯಲ್ಲಿ! ಗುತ್ತಿಗೆಗಳ ವ್ಯಾಜ್ಯಗಳು ಬೆಳೆದಾಗ ಬ್ಯಾಂಕಾಕಿನ ರಾಜ ಚುಲಲಾಂಗ್‌ಕಾರ್ನ್ 1896ರಲ್ಲಿ ಅರಣ್ಯ ಇಲಾಖೆಯನ್ನು ಸ್ಥಾಪಿಸಿದನು. ಅದರ ಮೊದಲ ಮುಖ್ಯಸ್ಥ, ಬರ್ಮಾದ ಅರಣ್ಯ ಸೇವೆಯಿಂದ ಬಂದ ಸ್ಲೇಡ್ ಎಂಬ ಬ್ರಿಟಿಷ್ ಅಧಿಕಾರಿ. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. ಅಂದಮೇಲೆ ಸಯಾಮಿಗೆ ಹೋದ ಪಾಶ್ಚಾತ್ಯ ಅರಣ್ಯನೀತಿ ಭಾರತದ ಕಚೇರಿಗಳಲ್ಲಿ ರೂಪುಗೊಂಡು ಹೋದದ್ದು. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡದ ರೈತರು 1930ರಲ್ಲಿ ಅರಣ್ಯ ಸತ್ಯಾಗ್ರಹಕ್ಕೆ ಇಳಿದದ್ದು ಅದೇ ನೀತಿಯ ವಿರುದ್ಧ. ಅರಮನೆ, ಮುಂಬಯಿಯ ಕಂಪನಿ, ಬರ್ಮಾದ ಅಧಿಕಾರಿ ಎಲ್ಲರೂ ಕೂಡಿರುವ ಈ ಕಥೆಯನ್ನು ‘ಪ್ರಭಾವ’ ಎಂಬ ಒಂದೇ ಪದ ಹೇಗೆ ಹೊತ್ತೀತು? ಆ ಪದದಲ್ಲಿ ಬೀರುವವರು ಕಾಣುತ್ತಾರೆ. ಬಯಸಿ ಪಡೆದವರು ಕಾಣುವುದಿಲ್ಲ.

ಇದರಿಂದ ಪಶ್ಚಿಮವನ್ನು ದೋಷಮುಕ್ತಗೊಳಿಸಿದಂತಾಗದು. 1961ರಲ್ಲಿ ದೇಶದ ಶೇ. 53ರಷ್ಟಿದ್ದ ಅರಣ್ಯ 1989ರ ಹೊತ್ತಿಗೆ ಶೇ. 28ಕ್ಕೆ ಇಳಿಯಿತು. ತೇಗದ ಕಂಪನಿಗಳ ಕಾಲ ಆಗ ಮುಗಿದಿತ್ತು. ಕಾಡು ಕಡಿದ ನೆಲದಲ್ಲಿ ಬೆಳೆದ ಮರಗೆಣಸು ಯುರೋಪಿನ ದನಗಳ ಮೇವಾಗಿ ಹಡಗೇರುತ್ತಿತ್ತು. ಯೋಜನೆ ಮಾತ್ರ ಬ್ಯಾಂಕಾಕಿನದು.

‘ಸಂಸ್ಕೃತಿ’ಯ ವಿಚಾರ ಇನ್ನೂ ಸೋಜಿಗದ್ದು. ಥಾಯ್ ಭಾಷೆಯಲ್ಲಿ ಇದಕ್ಕೆ ‘ವತ್ಥನಥಮ್’ ಎನ್ನುತ್ತಾರೆ. ಪಾಲಿಯ ‘ವಡ್ಢನ’, ಸಂಸ್ಕೃತದ ‘ಧರ್ಮ’ ಎರಡನ್ನೂ ಕೂಡಿಸಿ, ಇಂಗ್ಲಿಷಿನ ‘ಕಲ್ಚರ್’ಗೆ ಸಂವಾದಿಯಾಗಿ ಇಪ್ಪತ್ತನೆಯ ಶತಮಾನದಲ್ಲಿ ರಾಜಕುಮಾರ ವಾನ್ ವೈಥಯಕೋನ್ ರೂಪಿಸಿದ ಪದ ಅದು. (ನಮ್ಮ ‘ಸಂಸ್ಕೃತಿ’ಯೂ ಇಂದಿನ ಅರ್ಥದಲ್ಲಿ ಬಹಳ ಹಳೆಯದೇನಲ್ಲ.) ಈ ಹೊಸ ಪದದ ಹೆಸರಿನಲ್ಲಿಯೇ ಪ್ರಧಾನಿ ಫಿಬುನ್ ಸೋಂಗ್‌ಖ್ರಾಮ್ 1939ರಿಂದ 1942ರವರೆಗೆ ಆಜ್ಞೆಗಳನ್ನು ಹೊರಡಿಸಿದನು: ಜನ ಟೋಪಿ ಧರಿಸಬೇಕು, ಪಾಶ್ಚಾತ್ಯ ರೀತಿಯ ಉಡುಪು ತೊಡಬೇಕು, ಎಲೆಯಡಿಕೆ ಬಿಡಬೇಕು. ಅಡಿಕೆಯ ಸೀಮೆಯಿಂದ ಬಂದ ನನ್ನಂಥವನಿಗೆ ಕೊನೆಯದು ಚುಚ್ಚುತ್ತದೆ. ತಾಂಬೂಲವನ್ನು ಅನಾಗರಿಕವೆಂದು ನಿಷೇಧಿಸಿದವನು ಬಿಳಿಯ ಆಡಳಿತಗಾರನಲ್ಲ, ಅಪ್ಪಟ ರಾಷ್ಟ್ರೀಯವಾದಿ.

ಹಾಗಾದರೆ ಮೊದಲ ಅಧ್ಯಾಯದ ಸಾಮರಸ್ಯ ಬರಿಯ ಕಲ್ಪನೆಯೆ? ಅಲ್ಲ, ಆದರೆ ಅದನ್ನು ಹುಡುಕಬೇಕಾದ ಎಡೆ ಬೇರೆ. ಥಾಯ್ ಜನಪದ ವಿದ್ವಾಂಸ ಫ್ರಯಾ ಅನುಮಾನ್ ರಾಜಧೋನ್ (1888–1969) ಭತ್ತದ ದೇವತೆ ಮೇ ಫೋಸೊಪಳ ಆಚರಣೆಗಳನ್ನು ದಾಖಲಿಸಿದ್ದಾರೆ. ಪೈರು ಹೊಡೆ ತುಂಬಿದಾಗ ಆಕೆ ಬಸುರಿ. ಬಸುರಿಯ ಬಯಕೆಗೆಂದು ಹುಳಿಹಣ್ಣುಗಳನ್ನೂ, ಸಿಂಗಾರಕ್ಕೆಂದು ಬಾಚಣಿಗೆ ಕನ್ನಡಿಗಳನ್ನೂ ಗದ್ದೆಗೆ ಒಯ್ಯುತ್ತಾರೆ. ಮಲೆನಾಡಿನ ಭೂಮಿ ಹುಣ್ಣಿಮೆಯನ್ನು ಕಂಡವರಿಗೆ ಇದು ಪರಿಚಿತ ಲೋಕ. ಒಂದೇ ಮೂಲವೆಂದು ಸಾರುವ ಆತುರ ಬೇಡ. ಭತ್ತ ಬೆಳೆಯುವ ಎರಡು ಸಮಾಜಗಳು ಪೈರಿನ ಬಸಿರನ್ನು ತಾವಾಗಿಯೇ ಕಂಡಿರಬಹುದು. ಇಂಥ ಆಚರಣೆಯಲ್ಲಿ ಸಂಸ್ಕೃತಿ ಒಂದು ಅಧ್ಯಾಯ, ನಿಸರ್ಗ ಇನ್ನೊಂದು ಅಧ್ಯಾಯವೆಂದು ಬಿಡಿಸಲು ಬರುವುದಿಲ್ಲ.

ಪರಂಪರೆ ಹೊಸದನ್ನು ಹುಟ್ಟಿಸುವ ಬಗೆಯೂ ಗಮನಾರ್ಹವಾದುದು. 1988ರ ನವೆಂಬರಿನಲ್ಲಿ ದಕ್ಷಿಣದ ನಖೋನ್ ಸಿ ಥಮ್ಮರಾಟ್ ಪ್ರಾಂತದಲ್ಲಿ ಬೆಟ್ಟಗಳಿಂದ ಮಣ್ಣು ಮರಗಳ ಸಮೇತ ಪ್ರವಾಹ ಇಳಿದು ಹಳ್ಳಿಗಳನ್ನು ಹೂತಿತು. 1989ರ ಜನವರಿಯಲ್ಲಿ ಸರ್ಕಾರ ನೈಸರ್ಗಿಕ ಕಾಡುಗಳಲ್ಲಿ ಮರ ಕಡಿಯುವ ಗುತ್ತಿಗೆಗಳನ್ನು ರದ್ದುಪಡಿಸಿತು. (ಕೊಡಲಿಗಳು ಬಳಿಕ ಬರ್ಮಾ, ಲಾವೋಸ್‌ಗಳ ಗಡಿ ದಾಟಿದವು.) ಅದೇ ವರ್ಷಗಳಲ್ಲಿ ಉತ್ತರದ ಕೆಲವು ಭಿಕ್ಷುಗಳು ಮರಕ್ಕೆ ಚೀವರ ಸುತ್ತಿ ದೀಕ್ಷೆ ಕೊಡಲಾರಂಭಿಸಿದರು. ದೀಕ್ಷೆ ಪಡೆದ ಮರವನ್ನು ಕಡಿಯಲು ಯಾರ ಕೈಯೂ ಸುಲಭವಾಗಿ ಏಳದು. ಮನುಷ್ಯರಿಗಲ್ಲದೆ ಮರಕ್ಕೆ ದೀಕ್ಷೆಯೆ ಎಂದು ಆಕ್ಷೇಪಿಸಿದ ಭಿಕ್ಷುಗಳೂ ಇದ್ದರು. ಪ್ರವಾಸಿ ಬರಹಗಳು ಇದನ್ನು ‘ಪ್ರಾಚೀನ’ ಆಚರಣೆಯೆಂದು ಬಣ್ಣಿಸಿದರೆ ನಮ್ಮ ಸಂಶೋಧಕ ಅದನ್ನು ನಂಬಿ ಮೊದಲ ಅಧ್ಯಾಯಕ್ಕೆ ಸೇರಿಸಿಬಿಡುತ್ತಾನೆ. ಅದು ಸೇರಬೇಕಾದದ್ದು ಕೊನೆಯ ಅಧ್ಯಾಯಕ್ಕೆ.

ಇನ್ನೊಂದು ಮಾತು. ಆ ಪ್ರಸ್ತಾವದ ಆಕರಗಳೆಲ್ಲ ಇಂಗ್ಲಿಷಿನವು. ಪಾಶ್ಚಾತ್ಯ ಪ್ರಭಾವವನ್ನು ಪಾಶ್ಚಾತ್ಯರ ಬರಹಗಳಿಂದಲೇ ಅಳೆಯುವ ಈ ವಿಪರ್ಯಾಸವನ್ನು ನಾವು ಸಹಜವೆಂದು ಒಪ್ಪಿಕೊಂಡಿದ್ದೇವೆ. ಶಾಸನಗಳ ಲಿಪಿಯನ್ನು ಓದಿದ ಕನ್ನಡದ ವಿದ್ಯಾರ್ಥಿಗೆ, ಪಲ್ಲವ ಲಿಪಿಯ ಕವಲಾದ ಥಾಯ್ ಬರವಣಿಗೆ ತೀರ ಪರಕೀಯವಾಗಲಾರದು. ‘ನಿಸರ್ಗ’ಕ್ಕೆ ಅವರ ‘ಥಮ್ಮಚಾತ್’ ಎಂಬ ಮಾತು ಬರಹದಲ್ಲಿ ಇಂದಿಗೂ ‘ಧರ್ಮಜಾತಿ’ಯೇ.

ಆ ವಿದ್ಯಾರ್ಥಿಗೆ ಶೀರ್ಷಿಕೆಯನ್ನು ಸದ್ಯಕ್ಕೆ ಮರೆಯಲು ಹೇಳಿ ಎರಡು ಕೆಲಸ ಕೊಟ್ಟಿದ್ದೇನೆ. ಒಂದು, ಥಾಯ್ ಅಕ್ಷರಮಾಲೆಯನ್ನು ಕಲಿಯುವುದು. ಇನ್ನೊಂದು, ಹಗಲು ದುಡಿದ ಎಷ್ಟೋ ಕನ್ನಡಿಗರು ರಾತ್ರಿಶಾಲೆಗಳಲ್ಲಿ ಓದಿದ ಫೋರ್ಟ್ ಪ್ರದೇಶದಲ್ಲಿಯೇ ಇರುವ ವಾಲೇಸ್ ಬೀದಿಗೆ ಹೋಗಿ, ಸಯಾಮಿನ ತೇಗವನ್ನು ಕಡಿಸಿದ ಆ ಕಂಪನಿಯ ಕಟ್ಟಡವನ್ನು ಒಮ್ಮೆ ನೋಡಿಬರುವುದು.