ಎಂಟು, ಒಂಬತ್ತನೇ ತರಗತಿಗೆ ಶನಿವಾರದ ಬೆಳಗು ಬಿಟ್ಟುಕೊಡಿ
ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಪೋಷಕರಲ್ಲಿ, ಶಿಕ್ಷಕರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ ವಿನಂತಿ



2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು, ಶೇ 96.80. ಮರುವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದವು. ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಮೊದಲ ಸ್ಥಾನ ಉಡುಪಿಗೆ ಹೋಯಿತು. ಯಾರ ತಪ್ಪು ಎಂದು ಹುಡುಕುವುದು ಈ ಕರಪತ್ರದ ಕೆಲಸವಲ್ಲ. ಹತ್ತನೇ ತರಗತಿ ಬಂದ ಕೂಡಲೇ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್, ಪ್ರಶ್ನೆಕೋಠಿ ಎಂದು ಎದ್ದುಬಿದ್ದು ಓಡುವ ನಾವು, ಅದಕ್ಕೂ ಮುಂಚಿನ ಎರಡು ವರ್ಷ ಮಕ್ಕಳಿಗೆ ಏನು ಕೊಡುತ್ತಿದ್ದೇವೆ ಎಂಬುದು ನಮ್ಮ ಪ್ರಶ್ನೆ.

ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೇ ತರಗತಿಯ ಮಗು ಕಾರ್ಡು ಜೋಡಿಸಿ, ಬೀಜ ಎಣಿಸಿ, ಹಾಡಿ ಕುಣಿದು ಕಲಿಯುತ್ತದೆ. ಅದೇ ಮಗು ಎಂಟನೆಯದಕ್ಕೆ ಬರುವ ಹೊತ್ತಿಗೆ ಬೋರ್ಡಿನ ಮೇಲಿದ್ದುದನ್ನು ನೋಟ್‌ಬುಕ್ಕಿಗೆ ಇಳಿಸುವುದು ಬಿಟ್ಟರೆ ಕೈಗೆ ಬೇರೆ ಕೆಲಸವಿಲ್ಲ. ಮನೆಯಲ್ಲಿ ಡ್ರಿಪ್ ಪೈಪು ಕಟ್ಟಿಕೊಂಡರೆ ಬಿಡಿಸುವ, ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪದ ಹುಡುಗ ಹುಡುಗಿಯರು ಶಾಲೆಯಲ್ಲಿ ‘ಒತ್ತಡ’ದ ವ್ಯಾಖ್ಯೆಯನ್ನು ಬಾಯಿಪಾಠ ಹೊಡೆಯುತ್ತಿದ್ದಾರೆ. ಇದು ನಮಗೆ ಸಹಿಸಲಾಗದ ನಷ್ಟ.

ಆದ್ದರಿಂದ ನಾವು ಕೇಳುವುದು ಇಷ್ಟೇ. ಎಂಟು ಮತ್ತು ಒಂಬತ್ತನೇ ತರಗತಿಗೆ ಪ್ರತಿ ಶನಿವಾರದ ಬೆಳಗಿನ ಶಾಲೆಯನ್ನು ಕೈಕೆಲಸದ ಕಲಿಕೆಗೆ ಬಿಡಬೇಕು. ಊರಿನ ಯಾವುದಾದರೂ ಒಂದೇ ಸಂಗತಿ ಹಿಡಿದು ವಿಜ್ಞಾನ, ಗಣಿತ, ಸಮಾಜ, ಕನ್ನಡದ ಶಿಕ್ಷಕರು ಒಟ್ಟಿಗೆ ಕಲಿಸಬೇಕು.

ಗಾರೆ ಕೆಲಸದವರ ಲೆವೆಲ್ ಪೈಪನ್ನೇ ತೆಗೆದುಕೊಳ್ಳಿ. ಹತ್ತು ಮೀಟರ್ ಪಾರದರ್ಶಕ ಪೈಪಿಗೆ ನೀರು ತುಂಬಿ, ಬೆರಳಿನಿಂದ ತಟ್ಟಿ ಗಾಳಿಗುಳ್ಳೆ ತೆಗೆಯಬೇಕು. ಒಬ್ಬಳು ಒಂದು ತುದಿಯನ್ನು ದಿಣ್ಣೆಯ ಮೇಲೆ ನೆಟ್ಟ ಅಳತೆಕೋಲಿಗೆ ಹಿಡಿದರೆ, ಇನ್ನೊಬ್ಬ ಮತ್ತೊಂದು ತುದಿಯನ್ನು ತಗ್ಗಿನ ಅಳತೆಕೋಲಿಗೆ ಹಿಡಿಯುತ್ತಾನೆ. ನೀರಿನ ಅಲುಗಾಟ ನಿಂತ ಮೇಲೆ ಎರಡೂ ಕೋಲಿನ ಅಳತೆ ಓದಿ ಕಳೆದರೆ ನೆಲ ಎಷ್ಟು ಇಳಿದಿದೆ ಎಂಬುದು ಸಿಗುತ್ತದೆ. ಒಂದು ಗುಳ್ಳೆ ಒಳಗೆ ಉಳಿದರೂ ಲೆಕ್ಕ ಹಾದಿ ತಪ್ಪುತ್ತದೆ. ಯಾಕೆ ತಪ್ಪಿತು ಎಂದು ಮಕ್ಕಳು ಜಗಳಕ್ಕೆ ಬಿದ್ದಾಗ ಒತ್ತಡದ ಪಾಠ ತಾನಾಗಿ ಶುರುವಾಗುತ್ತದೆ.

ಶಾಲೆಯ ಅಂಗಳದಲ್ಲಿ ಇದನ್ನು ಕಲಿತ ಮಕ್ಕಳನ್ನು ದುರ್ಗದ ಕೋಟೆಗೆ ಕರೆದೊಯ್ಯಿರಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ನೀರು ಇಳಿಯುವಂತೆ ಕಟ್ಟಿದವರು ಮೋಟಾರು ಕಂಡವರಲ್ಲ. ಆ ಇಳಿಜಾರನ್ನು ಕಣ್ಣಾರೆ ಕಂಡ ಮಗುವಿಗೆ ಪಾಳೆಯಗಾರರ ಇತಿಹಾಸ ಬರೀ ಯುದ್ಧದ ಇಸವಿಗಳ ಪಟ್ಟಿಯಾಗಿ ಉಳಿಯುವುದಿಲ್ಲ. ಹತ್ತಿರದ ಚಂದ್ರವಳ್ಳಿಯಲ್ಲಿರುವ ಕದಂಬ ದೊರೆ ಮಯೂರಶರ್ಮನ ಶಾಸನ ಹೇಳುವುದೂ ಕೆರೆಯ ಸಂಗತಿಯನ್ನೇ.

ಹಿರಿಯೂರಿನವರಿಗೆ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಅಣೆಕಟ್ಟು ಇದೆ. 1907ರಲ್ಲಿ ಕಟ್ಟಿ ಮುಗಿಸಿದ ಅದು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಮಳೆಗಾಲದಲ್ಲಿ ‘ಡ್ಯಾಂ ಎಷ್ಟು ಅಡಿ ಬಂತು’ ಎಂದು ವಿಚಾರಿಸದ ಮನೆ ತಾಲ್ಲೂಕಿನಲ್ಲಿಲ್ಲ. 99ರಿಂದ 100 ಅಡಿಗೆ ಏರಲು ಸಾಕಾದ ನೀರು, 129ರಿಂದ 130ಕ್ಕೆ ಏರಲು ಯಾಕೆ ಸಾಲದು? ಒಂಬತ್ತನೇ ತರಗತಿಯ ಘನಫಲದ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಯಾವ ಗೈಡಿನಲ್ಲಿದೆ? ಇನ್ನು ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಗಳು. ನೀರಿನಡಿಯಲ್ಲಿ ಲಾವಾ ಉಕ್ಕಿ ತಣ್ಣಗಾದಾಗ ಮಾತ್ರ ಕಲ್ಲಿಗೆ ಆ ಆಕಾರ ಬರುತ್ತದೆ. ಸುಮಾರು 250 ಕೋಟಿ ವರ್ಷದ ಹಿಂದೆ ಈ ಬರದ ನೆಲ ನೀರಿನಡಿ ಇತ್ತೆಂದು ಆ ಬಂಡೆ ಮುಟ್ಟಿ ತಿಳಿಯುವ ಭಾಗ್ಯ ನಾಡಿನಲ್ಲಿ ಎಷ್ಟು ಮಕ್ಕಳಿಗಿದೆ?

ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಸುಗ್ಗಿಯೇ ಪ್ರಯೋಗಶಾಲೆ. ಒಂದು ಕೆ.ಜಿ. ಹಸಿ ಅಡಿಕೆ ತೂಗಿ, ಸುಲಿದು, ಬೇಯಿಸಿ, ಒಣಗಿಸಿ, ಪ್ರತಿ ಹಂತದಲ್ಲೂ ಮತ್ತೆ ತೂಗಿ ಬರೆದಿಡಲಿ. ಹಸಿಗೆ ಒಣ ಎಷ್ಟು ಕೂತಿತು ಎಂಬುದೇ ಶೇಕಡಾವಾರು ಲೆಕ್ಕ. ಬೇಯಿಸಿ ಉಳಿದ ಚೊಗರನ್ನು ನೀರು ಬೆರೆಸಿ ತೆಳ್ಳಗೆ ಮಾಡಿ, ತುಕ್ಕು ಹಿಡಿದ ಮೊಳೆಯೊಂದನ್ನು ಹಾಕಿಡಿ. ಕೆಂಪು ದ್ರವ ಕಪ್ಪಗಾಗುತ್ತದೆ, ಚೊಗರಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದ್ದರ ಫಲ. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಗುಟ್ಟಿನಿಂದ. ಆ ಕಪ್ಪು ದ್ರವದಲ್ಲಿ ಕಡ್ಡಿ ಅದ್ದಿ ತನ್ನ ಹೆಸರು ಬರೆದ ಹುಡುಗಿಗೆ ರಸಾಯನಶಾಸ್ತ್ರ, ಇತಿಹಾಸ, ಕನ್ನಡ ಮೂರೂ ಒಂದೇ ಹಾಳೆಯಲ್ಲಿ ಸಿಕ್ಕವು.

ಇದೇನೂ ಹೊರಗಿನಿಂದ ತಂದ ಹೊಸ ರೀತಿಯಲ್ಲ. ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ವ್ಯಾಯಾಮ, ಯೋಗವನ್ನು ವಿದ್ಯೆಯ ಜೊತೆಗೇ ಇಟ್ಟರು. ಹೊಸದುರ್ಗದ ಸಾಣೇಹಳ್ಳಿಯಲ್ಲಿ ಶಿವಸಂಚಾರದ ನಾಟಕಗಳು ವರ್ಷವರ್ಷವೂ ಕಟ್ಟಲ್ಪಟ್ಟು ನಾಡು ಸುತ್ತುತ್ತಿವೆ. ನಾಟಕ ಕಟ್ಟಿದ ಮಕ್ಕಳಿಗೆ ಕನ್ನಡದ ಉಚ್ಚಾರ ಬೇರೆ ಕಲಿಸಬೇಕಿಲ್ಲ.

ಪಾಠ ಮುಗಿಯುವುದಿಲ್ಲ ಎನ್ನುವ ಶಿಕ್ಷಕರ ಆತಂಕ ನಮಗೆ ಅರ್ಥವಾಗುತ್ತದೆ. ಎಷ್ಟೋ ಪ್ರೌಢಶಾಲೆಗಳು ಅತಿಥಿ ಶಿಕ್ಷಕರ ಮೇಲೆ ನಡೆಯುತ್ತಿವೆ, ಮಾಹಿತಿ ತುಂಬುವ ಕೆಲಸವೇ ಅವರನ್ನು ಹೈರಾಣ ಮಾಡಿದೆ. ಆದರೆ ಮೇಲಿನ ಒಂದೊಂದು ಕೆಲಸವೂ ಪಠ್ಯದಲ್ಲಿ ಇರುವ ಅಧ್ಯಾಯವೇ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಚಟುವಟಿಕೆ ಹೇಗೂ ಬೇಕು. ಈಗ ಆ ಅಂಕ ಎಷ್ಟೋ ಕಡೆ ಜೆರಾಕ್ಸ್ ಅಂಗಡಿಯ ಪ್ರಾಜೆಕ್ಟ್ ಫೈಲಿಗೆ, ಥರ್ಮೋಕೋಲ್ ಮಾದರಿಗೆ ಹೋಗುತ್ತಿದೆ. ಅದು ಮಕ್ಕಳ ಸ್ವಂತ ಅಳತೆಯ ಪುಸ್ತಕಕ್ಕೆ ಸಿಗಲಿ, ಅಕ್ಷರ ಸೊಟ್ಟಗಿದ್ದರೂ ಸರಿ.

ದುಡ್ಡಿನ ಮಾತು ಬೇಡ. ಕೇಂದ್ರದ ₹20 ಲಕ್ಷದ ಅಟಲ್ ಟಿಂಕರಿಂಗ್ ಲ್ಯಾಬ್ ಬಂದರೆ ಸಂತೋಷ, ಆದರೆ ಪೈಪು, ಟೇಪು, ತಕ್ಕಡಿಗೆ ಅಷ್ಟು ದಿನ ಕಾಯಬೇಕಿಲ್ಲ. ಹೆಣ್ಣುಮಕ್ಕಳನ್ನು ಹೊರಗೆ ಕಳಿಸಲು ಅಂಜುವ ಅಪ್ಪ ಅಮ್ಮಂದಿರು ತಾವೇ ಜೊತೆಗೆ ಬನ್ನಿ. ಹುಡುಗರು ಕೋಟೆಗೆ, ಹುಡುಗಿಯರು ತರಗತಿಯಲ್ಲೇ ಎಂಬ ಏರ್ಪಾಟನ್ನು ನಾವು ಒಪ್ಪುವುದಿಲ್ಲ.

ಶಾಲೆ ತೆರೆದ ಮೇಲಿನ ಮೊದಲ ಪೋಷಕರ ಸಭೆಗೆ ಈ ಹಾಳೆ ಹಿಡಿದು ಬನ್ನಿ. ಶನಿವಾರದ ಬೆಳಗನ್ನು ಬಿಡುತ್ತೀರಾ ಎಂದು ಮುಖ್ಯ ಶಿಕ್ಷಕರನ್ನು ಕೇಳಿ, ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಊರಿನ ಗಾರೆ ಮೇಸ್ತ್ರಿ, ಅಡಿಕೆ ಬೇಯಿಸುವ ಅಜ್ಜಿ, ಪಂಪ್ ರಿಪೇರಿಯವರು, ಬಬ್ಬೂರು ಫಾರಂನ ಕೃಷಿ ವಿಜ್ಞಾನಿಗಳು, ಇವರಲ್ಲಿ ಯಾರು ಯಾವ ಶನಿವಾರ ಬರಬಲ್ಲರು ಎಂಬ ಪಟ್ಟಿಯನ್ನು ಅದೇ ಸಭೆಯಲ್ಲಿ ಮಾಡಿ ಶಾಲೆಗೆ ಕೊಡಿ.